ಟೀಚರ್ ಲೈಬ್ರರಿಗೆ ಹೋಗುವುದನ್ನು ಬಿಟ್ಟಿದ್ದು ಯಾಕೆ? ಒಂದು ಪ್ರಕರಣ ಅಧ್ಯಯನ

ನನ್ನನ್ನು ಕರೆದದ್ದು ಕಾಲಿಗೆ ವ್ಯಾಯಾಮ ಹೇಳಿಕೊಡಲು. ವಯಸ್ಸಾದವರ ಮನೆಗೇ ಹೋಗಿ ಫಿಜಿಯೋಥೆರಪಿ ಮಾಡುವುದು ನನ್ನ ಕೆಲಸ. ಫೋನಿನಲ್ಲಿ ಮಗ ಹೇಳಿದ್ದು ಇಷ್ಟು: "ಅಮ್ಮನಿಗೆ 76. ಮೊದಲೆಲ್ಲ ದಿನಾ ಲೈಬ್ರರಿಗೆ ನಡ್ಕೊಂಡು ಹೋಗ್ತಿದ್ರು. ಈಗ ಐದು ತಿಂಗಳಿಂದ ಗೇಟು ದಾಟಿಲ್ಲ. ಕೇಳಿದ್ರೆ ಆಗಲ್ಲ ಅಂತಾರೆ, ಅಷ್ಟೇ. ಡಾಕ್ಟರು ವಯಸ್ಸಾಯ್ತಲ್ಲ ಅಂದ್ರು. ನೀವು ಕಾಲಿಗೆ ಏನಾದ್ರೂ ಎಕ್ಸರ್‌ಸೈಜ್ ಹೇಳಿಕೊಡಿ."

ಕೇಸು ಮುಗಿಯುವ ಹೊತ್ತಿಗೆ ನನ್ನ ಫೈಲಿನಲ್ಲಿ ವ್ಯಾಯಾಮದ ಹಾಳೆ ಇದ್ದದ್ದು ಒಂದೇ. ಉಳಿದದ್ದೆಲ್ಲ ಫುಟ್‌ಪಾತಿನ ನಕ್ಷೆ, ಸಿಗ್ನಲ್ಲಿನ ಲೆಕ್ಕ, ಪಾಲಿಕೆಗೆ ಕೊಟ್ಟ ಅರ್ಜಿಗಳ ಪ್ರತಿ. ಅದಕ್ಕೇ ಇದನ್ನು ಬರೆದಿಡೋಣ ಅನ್ನಿಸಿತು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಫುಟ್‌ಪಾತು, ಸಿಗ್ನಲ್ಲು, ಬಸ್ ಸ್ಟಾಪು ಇರುವ ಯಾವ ನಗರವಾದರೂ ಆಗಬಹುದು.

ಮನೆಯೊಳಗೆ

ಮೊದಲ ದಿನ ಹೋದಾಗ ಅವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷ ಆಗಿದ್ದರೂ ಬೀದಿಯವರೆಲ್ಲ ಟೀಚರ್ ಅಂತಲೇ ಕರೆಯುವುದು. ನಾನೂ ಹಾಗೇ ಕರೆದೆ. ಪಕ್ಕದ ಮೇಜಿನ ಮೇಲೆ ಲೈಬ್ರರಿಯ ಎರಡು ಪುಸ್ತಕ ಇದ್ದವು. ವಾಪಸ್ ಕೊಡಬೇಕಾದ ದಿನ ದಾಟಿ ತಿಂಗಳುಗಳೇ ಕಳೆದಿದ್ದವು. ಆದರೆ ಅವುಗಳ ಮೇಲೆ ಚೂರೂ ಧೂಳಿರಲಿಲ್ಲ. ದಿನಾ ಒರೆಸುತ್ತಿದ್ದರಂತೆ.

ಮಾಮೂಲಿ ಪರೀಕ್ಷೆಗಳನ್ನು ಮಾಡಿದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರುವ ಒಂದು ಪರೀಕ್ಷೆ ಇದೆ. 1991ರಿಂದ ನಮ್ಮ ಕಸುಬಿನಲ್ಲಿ ಬಳಕೆಯಲ್ಲಿದೆ. 12 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯದ ಕಡೆ ಗಮನ ಕೊಡಬೇಕು. ಟೀಚರ್‌ಗೆ 13 ಸೆಕೆಂಡು ಬೇಕಾಯಿತು. ಗಾಬರಿಪಡುವಂಥದ್ದಲ್ಲ. ಹಾಲಿನ ಈ ತುದಿಯಿಂದ ಆ ತುದಿಗೆ ನಡೆಸಿ ವೇಗ ನೋಡಿದೆ: ಸೆಕೆಂಡಿಗೆ 0.8 ಮೀಟರ್. ನಿಧಾನವೇ, ಆದರೆ ಆ ವಯಸ್ಸಿಗೆ ವಿಶೇಷವೇನಲ್ಲ. ಇಂಗ್ಲೆಂಡಿನಲ್ಲಿ 65 ದಾಟಿದವರನ್ನು ಅಳೆದು ನೋಡಿದಾಗ ಗಂಡಸರ ಸರಾಸರಿ 0.9, ಹೆಂಗಸರದ್ದು 0.8 ಬಂದಿತ್ತು. ಅಂದರೆ ಟೀಚರ್ ತಮ್ಮ ಓರಗೆಯವರ ಜೊತೆಗೇ ಇದ್ದರು.

ಮನಸ್ಸಿಗೆ ಸಂಬಂಧಿಸಿದ 15 ಪ್ರಶ್ನೆಗಳ ಒಂದು ಪಟ್ಟಿಯನ್ನೂ ಕೇಳಿದೆ. ವಯಸ್ಸಾದವರಲ್ಲಿ ಖಿನ್ನತೆ ಇದೆಯಾ ಅಂತ ಮೊದಲ ಅಂದಾಜಿಗೆ ಬಳಸುವ ಪಟ್ಟಿ ಅದು. ಅಂಕ 5 ದಾಟಿದರೆ ಡಾಕ್ಟರ ಹತ್ತಿರ ಕಳಿಸುತ್ತೇವೆ. ಟೀಚರ್‌ಗೆ 6 ಬಂತು. ಮಗನ ಮುಖ ಸಪ್ಪಗಾಯಿತು. ನಾನೂ ಫೈಲಿನಲ್ಲಿ ಬರೆದುಕೊಂಡು ಹೊರಡಬೇಕಿತ್ತು. ಆದರೆ ಆ ಆರು ಅಂಕ ಎಲ್ಲಿಂದ ಬಂದವು ಅಂತ ಸುಮ್ನೆ ಇನ್ನೊಂದು ಸಲ ನೋಡಿದೆ. ಮೊದಲು ಮಾಡುತ್ತಿದ್ದ ಕೆಲಸಗಳನ್ನು ಬಿಟ್ಟಿದ್ದೀರಾ? ಹೌದು. ಹೊರಗೆ ಹೋಗುವುದಕ್ಕಿಂತ ಮನೆಯಲ್ಲೇ ಇರೋಣ ಅನ್ನಿಸುತ್ತಾ? ಹೌದು. ಬೇಜಾರಾಗುತ್ತಾ? ಹೌದು. ಗೇಟು ದಾಟಲಾಗದ ಯಾರನ್ನೇ ಕೇಳಿದರೂ ಈ ಮೂರಕ್ಕೆ ಇದೇ ಉತ್ತರ ಬರುತ್ತದೆ, ಅಲ್ವಾ? ಮನಸ್ಸು ಕುಗ್ಗಿ ಹೊರಗೆ ಹೋಗುತ್ತಿಲ್ಲವೋ, ಹೊರಗೆ ಹೋಗಲಾಗದೆ ಮನಸ್ಸು ಕುಗ್ಗಿದೆಯೋ ಅನ್ನುವುದನ್ನು ಆ ಪಟ್ಟಿ ಹೇಳುವುದಿಲ್ಲ. ಅದನ್ನು ಬಾಯಿಬಿಟ್ಟೇ ಕೇಳಬೇಕು.

ಕೇಳುವ ಮೊದಲು ಹಳೆಯ ಎಂಆರ್‌ಐ ರಿಪೋರ್ಟು ನೋಡಿದೆ. ಸೊಂಟದ ಭಾಗದಲ್ಲಿ ನರಗಳು ಹಾದುಹೋಗುವ ಕೊಳವೆ ಕಿರಿದಾಗಿತ್ತು. ವಯಸ್ಸಾದವರ ಬೆನ್ನುಮೂಳೆಯಲ್ಲಿ ಇದು ಸಾಮಾನ್ಯ. ನಮ್ಮಲ್ಲಿ ಸ್ಪೈನಲ್ ಸ್ಟೆನೋಸಿಸ್ ಅನ್ನುತ್ತೇವೆ. ಇದರದ್ದೊಂದು ವಿಚಿತ್ರ ಇದೆ. ನೆಟ್ಟಗೆ ನಿಂತಾಗ, ನಡೆದಾಗ ಆ ಕೊಳವೆ ಇನ್ನಷ್ಟು ಬಿಗಿಯಾಗುತ್ತದೆ. ಸ್ವಲ್ಪ ದೂರ ಹೋಗುತ್ತಿದ್ದಂತೆ ಕಾಲು ಜೋಮು ಹಿಡಿಯುತ್ತದೆ, ಸೀಸ ತುಂಬಿದ ಹಾಗೆ ಭಾರವಾಗುತ್ತದೆ. ನಿಂತು ಸುಧಾರಿಸಿಕೊಂಡರೆ ಪ್ರಯೋಜನ ಇಲ್ಲ. ಕೂರಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ಆಗ ಕೊಳವೆ ಚೂರು ಅಗಲವಾಗುತ್ತದೆ, ಎರಡು ಮೂರು ನಿಮಿಷದಲ್ಲಿ ಕಾಲು ಮತ್ತೆ ತನ್ನದಾಗುತ್ತದೆ. ಇಂಥವರು ಸೂಪರ್ ಮಾರ್ಕೆಟ್ಟಿನಲ್ಲಿ ಟ್ರಾಲಿಯ ಮೇಲೆ ಬಾಗಿ ತಳ್ಳಿಕೊಂಡು ಎಷ್ಟು ಹೊತ್ತು ಬೇಕಾದರೂ ಓಡಾಡುತ್ತಾರೆ. ಹೊರಗೆ ರಸ್ತೆಗೆ ಬಂದರೆ 200 ಮೀಟರಿಗೇ ಸೋಲುತ್ತಾರೆ. ನೋಡಿದವರು ನಾಟಕ ಅಂದುಕೊಳ್ಳುವುದೂ ಉಂಟು.

"ಟೀಚರ್, ಈ ರಿಪೋರ್ಟು ನಾಲ್ಕು ವರ್ಷ ಹಳೇದು. ಆದ್ರೂ ಮೊನ್ನೆ ಮೊನ್ನೆವರೆಗೂ ಲೈಬ್ರರಿಗೆ ಹೋಗ್ತಿದ್ರಲ್ಲ, ಹೇಗೆ?"

"ಕೂತು ಕೂತು ಹೋಗ್ತಿದ್ದೆ ಕಣಮ್ಮಾ."

"ಎಲ್ಲಿ ಕೂರ್ತಿದ್ರಿ?"

"ಮರದ ಹತ್ರ ಒಂದ್ಸಲ, ಬಸ್ ಸ್ಟಾಪಲ್ಲಿ ಒಂದ್ಸಲ."

"ಈಗ?"

"ಈಗ ಎಲ್ಲಿದೆ ಕೂರೋದಕ್ಕೆ?"

ಮಗ ಅಮ್ಮನನ್ನೇ ನೋಡುತ್ತಿದ್ದ. ಐದು ತಿಂಗಳಲ್ಲಿ ಮೊದಲ ಸಲ ಈ ಮಾತು ಹೊರಗೆ ಬಂದಿತ್ತು. ಇದನ್ನು ಡಾಕ್ಟರಿಗೆ ಯಾಕೆ ಹೇಳಲಿಲ್ಲ ಅಂದಿದ್ದಕ್ಕೆ ಟೀಚರ್ ನಕ್ಕುಬಿಟ್ಟರು. "ರಸ್ತೆಯಲ್ಲಿ ಬೆಂಚಿಲ್ಲ ಅಂತ ಡಾಕ್ಟರ ಹತ್ರ ಹೇಳೋದಾ?"

ದಾರಿಯಲ್ಲಿ

ಮಾರನೇ ವಾರ ಒಂದು ಮಡಚುವ ಸ್ಟೂಲು, ಅಳತೆಯ ಚಕ್ರ, ಸ್ಟಾಪ್‌ವಾಚ್ ಹಿಡಿದುಕೊಂಡು ಅವರ ಜೊತೆ ಹೊರಟೆ. ಮನೆಯಿಂದ ಲೈಬ್ರರಿಗೆ 640 ಮೀಟರ್. ನನ್ನಂಥವಳಿಗೆ ಎಂಟು ನಿಮಿಷದ ದಾರಿ.

ಮೊದಲ ಬೆಂಚು ಇದ್ದದ್ದು 210 ಮೀಟರಿನಲ್ಲಿ, ಒಂದು ದೊಡ್ಡ ಮರದ ಕೆಳಗೆ. ಅದರ ನಾಲ್ಕು ಕಾಲು ನೆಟ್ಟಿದ್ದ ಕಡೆ ಟೈಲ್ಸಿನ ಬಣ್ಣ ಬೇರೆ ಇತ್ತು. ಅಷ್ಟೇ ಉಳಿದಿದ್ದ ಗುರುತು. ಫುಟ್‌ಪಾತ್ ಹೊಸದಾಗಿ ಮಾಡುವಾಗ ತೆಗೆದವರು ಮತ್ತೆ ತಂದಿಡಲಿಲ್ಲ. ಎರಡನೆಯದು 450 ಮೀಟರಿನ ಬಸ್ ಸ್ಟಾಪಿನಲ್ಲಿ. ತಂಗುದಾಣವನ್ನು ಚೆನ್ನಾಗಿಯೇ ಕಟ್ಟಿಸಿದ್ದರು. ಗಾಜಿನ ಗೋಡೆ, ಬಸ್ಸಿನ ಸಮಯ ತೋರಿಸುವ ಬೋರ್ಡು, ಎಲ್ಲ ಇತ್ತು. ಸೀಟಿನ ಜಾಗದಲ್ಲಿ ಮಾತ್ರ ಸೊಂಟದೆತ್ತರಕ್ಕೆ ಒಂದು ಓರೆ ಕಂಬಿ. ಅದರ ಮೇಲೆ ಕೂರುವ ಹಾಗಿಲ್ಲ, ಒರಗಿ ನಿಲ್ಲಬಹುದು. ಕಾಲೇಜು ಹುಡುಗರಿಗೆ ಸಾಕು. ಟೀಚರ್ ಬೆನ್ನಿಗೆ ಅದು ನಿಂತುಕೊಂಡಷ್ಟೇ ಲೆಕ್ಕ.

ಎರಡು ಬೆಂಚು ಇದ್ದಾಗ 640 ಮೀಟರ್ ಅನ್ನುವುದು ಅವರಿಗೆ 210, 240, 190 ಅನ್ನುವ ಮೂರು ಸಣ್ಣ ನಡಿಗೆ. ಕೂರದೆ ಅವರು ಹೋಗಬಲ್ಲದ್ದು ಸುಮಾರು 250 ಮೀಟರ್. ಮೂರೂ ಅದರೊಳಗೆ ಬರುತ್ತಿದ್ದವು. ಬೆಂಚು ಹೋದ ದಿನ ರಸ್ತೆಯ ಉದ್ದ ಒಂದಿಂಚೂ ಬೆಳೆಯಲಿಲ್ಲ. ಆದರೆ ಟೀಚರ್ ಪಾಲಿಗೆ ಲೈಬ್ರರಿ ಅಳತೆಗೇ ಸಿಗದಷ್ಟು ದೂರ ಹೋಯಿತು. ಬ್ರಿಟನ್ನಿನ ಸಾರಿಗೆ ಇಲಾಖೆಯ ಮಾರ್ಗಸೂಚಿಯಲ್ಲಿ, ಜನ ಜಾಸ್ತಿ ಓಡಾಡುವ ಕಡೆ 50 ಮೀಟರಿಗೊಂದು ಆಸನ ಇರಬೇಕು ಅಂತ ಬರೆದಿದೆ. ಮೊದಲ ಸಲ ಓದಿದಾಗ ನನಗೆ ಇದು ಅತಿಯಾಯಿತು ಅನ್ನಿಸಿತ್ತು.

ಇನ್ನು ಸಿಗ್ನಲ್. ಅದು 330 ಮೀಟರಿನಲ್ಲಿದೆ. ನನಗೆ ನಿಜಕ್ಕೂ ಕಣ್ಣು ತೆರೆಸಿದ್ದು ಇದು.

ದಾಟಬೇಕಾದ ರಸ್ತೆ 14 ಮೀಟರ್ ಅಗಲ. ಹಸಿರು ಮನುಷ್ಯ 12 ಸೆಕೆಂಡು ನಿಲ್ಲುತ್ತಾನೆ, ಆಮೇಲೆ 5 ಸೆಕೆಂಡು ಮಿನುಗುತ್ತಾನೆ. ಒಟ್ಟು 17. ಈ 12 ಎಲ್ಲಿಂದ ಬಂತು ಅಂದರೆ, ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅನ್ನುವ ಹಳೆಯ ಲೆಕ್ಕದಿಂದ. ಪ್ರಪಂಚದ ಎಷ್ಟೋ ಸಿಗ್ನಲ್ಲುಗಳು ಇದೇ ಲೆಕ್ಕದಲ್ಲಿ ನಿಂತಿವೆ. ಅಮೆರಿಕದ ಸಿಗ್ನಲ್ ಕೈಪಿಡಿಯಲ್ಲೂ ಸೆಕೆಂಡಿಗೆ 4 ಅಡಿ ಅಂತ ಇತ್ತು. 2009ರಲ್ಲಿ ಅದನ್ನು 3.5 ಅಡಿಗೆ, ಅಂದರೆ ಸುಮಾರು 1.07 ಮೀಟರಿಗೆ ಇಳಿಸಿದರು. ಅದೂ ಟೀಚರ್ ವೇಗಕ್ಕಿಂತ ಜಾಸ್ತಿಯೇ.

0.8ರ ವೇಗದಲ್ಲಿ 14 ಮೀಟರಿಗೆ ಹದಿನೇಳೂವರೆ ಸೆಕೆಂಡು ಬೇಕು. ಅಂದರೆ ಮೊದಲು ಟೀಚರ್ ಆ ಬದಿಯ ಫುಟ್‌ಪಾತಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಕೆಂಪು ದೀಪ ಹತ್ತುತ್ತಿತ್ತು. ಒಂದು ಹೆಜ್ಜೆಯ ಅಂತರ, ಅಷ್ಟೇ. ವರ್ಷಗಟ್ಟಲೆ ಹಾಗೇ ದಾಟಿದ್ದರು. ಆದರೆ ಆ 0.8 ಇದ್ದದ್ದು ಮರದ ಕೆಳಗೆ ಕೂತು ಎದ್ದು ಬಂದ ಕಾಲಿಗೆ. ಈಗ ಕೂರದೆ, 250 ದಾಟಿದ ಮೇಲೂ ಕಾಲೆಳೆದುಕೊಂಡು, ನೇರವಾಗಿ 330 ಮೀಟರ್ ನಡೆದು ಸಿಗ್ನಲ್ಲಿಗೆ ಬಂದಾಗ ಎಷ್ಟು ಅಂತ ನೋಡಿದೆ. 0.65. ಅಂದರೆ ದಾಟಲು 21 ಸೆಕೆಂಡಿಗಿಂತ ಜಾಸ್ತಿ. ವಾಹನಗಳಿಗೆ ಹಸಿರು ಬಿದ್ದಾಗ ಅವರಿನ್ನೂ ರಸ್ತೆಯ ಮೇಲೇ ಇರುತ್ತಾರೆ, ಕೊನೆಯ ಲೇನಿನಲ್ಲಿ, ನಾಲ್ಕೈದು ಸೆಕೆಂಡು.

ಆ ದಿನ ನಾನು ಕೈ ಅಡ್ಡ ಹಿಡಿದು ಗಾಡಿಗಳನ್ನು ನಿಲ್ಲಿಸಿದೆ. ಟೀಚರ್ ಆಚೆ ಸೇರಿ ನನ್ನ ಸ್ಟೂಲಿನ ಮೇಲೆ ಕೂತರು. ಕೈ ನಡುಗುತ್ತಿತ್ತು. "ಅವತ್ತು ಇದೇ ಆಗಿದ್ದು" ಅಂದರು. ಐದು ತಿಂಗಳ ಹಿಂದೆ ಒಬ್ಬನೇ ಒಬ್ಬ ಬೈಕಿನವನು ಹಾರ್ನ್ ಒತ್ತುತ್ತಾ ಅವರ ಸೀರೆಯ ಸೆರಗಿಗೆ ತಾಗುವಷ್ಟು ಹತ್ತಿರದಿಂದ ಹೋಗಿದ್ದ. ಬಿದ್ದಿರಲಿಲ್ಲ, ಏಟಾಗಿರಲಿಲ್ಲ, ಯಾರಿಗೂ ಹೇಳಿರಲೂ ಇಲ್ಲ. ಮಾರನೇ ದಿನದಿಂದ ಹೊರಡಲಿಲ್ಲ.

ಇದನ್ನು ಅಪಘಾತ ಅಂತ ಯಾವ ಠಾಣೆಯೂ ಬರೆದುಕೊಳ್ಳುವುದಿಲ್ಲ. ಬಿದ್ದವರ ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅದರಲ್ಲಿ 60 ದಾಟಿದವರೇ ಜಾಸ್ತಿ. ಬೀಳುತ್ತೇನೆ ಅನ್ನುವ ಹೆದರಿಕೆಯಿಂದ ಬಾಗಿಲು ಹಾಕಿಕೊಂಡವರ ಲೆಕ್ಕ ಇಡುವವರು ಯಾರು? ನಡೆಯದ ಕಾಲು ಸೊರಗುತ್ತದೆ, ಸೊರಗಿದ ಕಾಲು ಇನ್ನೂ ನಿಧಾನವಾಗುತ್ತದೆ. ನನ್ನ ಬಳಿ ಬರುವ ಹೊತ್ತಿಗೆ ಅದು ಕಾಲಿನ ಕಾಯಿಲೆಯ ಹಾಗೆ ಕಾಣುತ್ತದೆ. ಇಲ್ಲಿ ಬೆಂಚು ಹೋದದ್ದು ಒಂದು ಕಡೆ, ತೊಂದರೆ ಕಂಡದ್ದು 120 ಮೀಟರ್ ಆಚೆ. ಬೆಂಚು ತೆಗೆದವರಿಗೆ ಸಿಗ್ನಲ್ ಗೊತ್ತಿಲ್ಲ, ಸಿಗ್ನಲ್ ನೋಡಿಕೊಳ್ಳುವವರಿಗೆ ಬೆಂಚು ಗೊತ್ತಿಲ್ಲ.

ಇನ್ನೊಂದು ವಿಷಯ ಅವರು ಹೇಳಲು ನಾಚಿಕೊಂಡರು. ಬಿಪಿಗೆ ಕೊಟ್ಟ ಮಾತ್ರೆಯಿಂದ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಲೈಬ್ರರಿ ಪಕ್ಕದ ಸಾರ್ವಜನಿಕ ಶೌಚಾಲಯಕ್ಕೆ ಯಾವಾಗಲೂ ಬೀಗ. ಹಾಗಾಗಿ ಹೋಗುವ ದಿನ ಬೆಳಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲವಂತೆ, ಕೆಲವೊಮ್ಮೆ ಮಾತ್ರೆಯನ್ನೂ ಬಿಡುತ್ತಿದ್ದರಂತೆ. ಕುಡಿಯದೆ ಹೊರಟರೆ ತಲೆ ಸುತ್ತುತ್ತದೆ, ಸುತ್ತಿದರೆ ಬೀಳುತ್ತಾರೆ. ಮಾತ್ರೆಯನ್ನು ಮನೆಗೆ ವಾಪಸ್ ಬಂದ ಮೇಲೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಆಗಬಹುದು ಅಂದರು. ಇಡೀ ಪ್ರಕರಣದಲ್ಲಿ ಒಂದೇ ಫೋನಿಗೆ ಮುಗಿದ ಕೆಲಸ ಇದೊಂದೇ.

ನನ್ನ ತಪ್ಪು

ಇಷ್ಟೆಲ್ಲ ನೋಡಿದ ಮೇಲೂ ನಾನು ಮೊದಲು ಮಾಡಿದ್ದು ಏನು ಗೊತ್ತಾ? ಸೀಟಿರುವ ವಾಕರ್ ತರಿಸಿದೆ. ನಾಲ್ಕು ಚಕ್ರ, ಕೈಗೆ ಬ್ರೇಕು, ಬೇಕಾದಾಗ ಕೂರಲು ಪುಟ್ಟ ಆಸನ. ಒಳ್ಳೆಯ ಸಾಧನವೇ. ಇಪ್ಪತ್ತರ ಆಸುಪಾಸಿನಲ್ಲಿ ಪೋಲಿಯೋ ಆಗಿದ್ದ ಐನಾ ವಿಫಾಲ್ಕ್ ಅನ್ನುವ ಸ್ವೀಡನ್ನಿನ ಹೆಂಗಸು 1978ರಲ್ಲಿ ಯೋಚಿಸಿ ರೂಪಿಸಿದ್ದು. ತಳ್ಳುವಾಗ ಬೆನ್ನು ಸ್ವಲ್ಪ ಬಾಗುತ್ತದೆ, ಟೀಚರ್ ಬೆನ್ನಿಗೆ ಹೇಳಿ ಮಾಡಿಸಿದ ಹಾಗಿತ್ತು.

ಮನೆಯೊಳಗೆ ಚೆನ್ನಾಗಿಯೇ ಓಡಿತು. ಹೊರಗೆ 210 ಮೀಟರಿನೊಳಗೆ ಏಳು ಕಡೆ ಫುಟ್‌ಪಾತು ತುಂಡಾಗಿತ್ತು, ಪ್ರತಿ ಗೇಟಿನ ಮುಂದೆ ಇಳಿ, ಮತ್ತೆ ಹತ್ತು. ಪ್ರತಿ ಸಲ ಏಳು ಕಿಲೋ ತೂಕದ ಗಾಡಿಯನ್ನು ಎತ್ತಬೇಕು. ಮೂರನೇ ಗೇಟಿನ ಹತ್ತಿರ ಟೀಚರ್ ನಿಂತು ಹೇಳಿದರು: "ಇದು ನನ್ನನ್ನ ಕರ್ಕೊಂಡು ಹೋಗ್ತಿಲ್ಲಮ್ಮಾ, ನಾನೇ ಇದನ್ನ ಕರ್ಕೊಂಡು ಹೋಗ್ತಿದೀನಿ."

ವಾಪಸ್ ಕಳಿಸಿದೆವು. ರಸ್ತೆಯ ಕುಂದನ್ನು ರೋಗಿಯ ಕೈಗೆ ಒಂದು ಸಾಮಾನು ಕೊಟ್ಟು ಮುಚ್ಚಲು ಹೊರಟಿದ್ದೆ. ನಮ್ಮ ಕಸುಬಿನವರಿಗೆ ಈ ಚಟ ಇದೆ.

ದೂರು ಮುಚ್ಚಲಾಗಿದೆ

ಮಗ ಪಾಲಿಕೆಯ ಆ್ಯಪ್‌ನಲ್ಲಿ ದೂರು ಹಾಕಿದ. ದೂರಿನ ಬಗೆ ಆರಿಸಬೇಕಿತ್ತು: ಗುಂಡಿ, ಬೀದಿ ದೀಪ, ಕಸ, ಚರಂಡಿ, ಫುಟ್‌ಪಾತ್. ಬೆಂಚು ಅನ್ನುವುದು ಪಟ್ಟಿಯಲ್ಲೇ ಇಲ್ಲ. ಹತ್ತಿರದ್ದು ಅಂತ ಫುಟ್‌ಪಾತ್ ಒತ್ತಿದ. ನಾಲ್ಕು ದಿನಕ್ಕೆ ಉತ್ತರ ಬಂತು, ಜೊತೆಗೆ ಹೊಸ ಟೈಲ್ಸಿನ ಫೋಟೋ: ಸ್ಥಳ ಪರಿಶೀಲಿಸಲಾಗಿದೆ, ಫುಟ್‌ಪಾತ್ ಸುಸ್ಥಿತಿಯಲ್ಲಿದೆ, ದೂರು ಮುಚ್ಚಲಾಗಿದೆ.

ಬಂದು ನೋಡಿದ ಮನುಷ್ಯನದು ತಪ್ಪಿಲ್ಲ. ಇಲ್ಲದೇ ಇರುವುದನ್ನು ಫೋಟೋ ತೆಗೆಯುವುದು ಹೇಗೆ?

ನಾವು ವಾರ್ಡ್ ಕಚೇರಿಗೇ ಹೋದೆವು. ಅಲ್ಲಿನ ಎಂಜಿನಿಯರ್ ಸಾವಧಾನದ ಮನುಷ್ಯ. ಫೈಲು ತೆಗೆಸಿ ಓದಿದರು. ಮರದ ಕೆಳಗಿನ ಬೆಂಚು ಕಳೆದುಹೋಗಿರಲಿಲ್ಲ, ಗೋದಾಮಿನಲ್ಲೇ ಇತ್ತು. ಎದುರಿನ ಮನೆಗಳವರು ಬೇಡ ಅಂತ ಬರೆದುಕೊಟ್ಟಿದ್ದರು. ರಾತ್ರಿ ಹುಡುಗರು ಒಂದು ಗಂಟೆಯವರೆಗೆ ಕೂತು ಗಲಾಟೆ ಮಾಡುತ್ತಾರೆ, ಆಮೇಲೆ ಮನೆಮಠ ಇಲ್ಲದ ಒಬ್ಬ ಮಲಗುತ್ತಾನೆ ಅಂತ. ಸಹಿ ಮಾಡಿದವರಲ್ಲಿ ಒಬ್ಬಳು ಆರು ತಿಂಗಳ ಕೂಸಿನ ತಾಯಿ. ಆಮೇಲೆ ನಾನು ಅವಳನ್ನು ಮಾತಾಡಿಸಿದೆ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಟೀಚರ್ ಅಲ್ಲಿ ಕೂರ್ತಿದ್ರು ಅಂತ ನನಗೆ ಗೊತ್ತೇ ಇರಲಿಲ್ಲ ಅಕ್ಕಾ. ನಾನು ಎದ್ದಿರೋದು ರಾತ್ರಿ, ಅವರು ಬರೋದು ಹಗಲು." ಈ ಮಾತಿಗೆ ಏನು ಹೇಳುವುದು? ಅವಳ ನಿದ್ದೆಯೂ ನಿಜ, ಟೀಚರ್ ಬೆನ್ನೂ ನಿಜ.

ಸೀಮೆಸುಣ್ಣ

"ಒಬ್ಬರಿಗೋಸ್ಕರ ಬೆಂಚು ಹಾಕೋದು ಕಷ್ಟ, ಮೇಡಂ" ಅಂದಿದ್ದರು ಎಂಜಿನಿಯರ್. ಆ ಮಾತನ್ನು ನಾನು ಟೀಚರ್‌ಗೆ ಹೇಳಬಾರದಿತ್ತೇನೋ. ಹೇಳಿಬಿಟ್ಟೆ. ಅವರು ಒಳಗೆ ಹೋಗಿ ಒಂದು ಹಳೆಯ ಡಬ್ಬಿ ತಂದರು. ತುಂಬ ಸೀಮೆಸುಣ್ಣ.

ಅವರ ಯೋಜನೆ ಸರಳ. ನಡೆಯುತ್ತಾ ಹೋಗುವುದು. ಎಲ್ಲಿ ಇನ್ನು ಕೂರಲೇಬೇಕು ಅನ್ನಿಸುತ್ತದೋ ಅಲ್ಲಿ ನೆಲದ ಮೇಲೆ ಒಂದು ಸೊನ್ನೆ ಬರೆದು, ಒಳಗೆ ತಮ್ಮ ವಯಸ್ಸು ಬರೆಯುವುದು. ತಮ್ಮದೊಂದೇ ಅಲ್ಲ. ಆ ಬೀದಿಯ, ಪಕ್ಕದ ಬೀದಿಯ ಹಿರಿಯರನ್ನೆಲ್ಲ ಫೋನ್ ಮಾಡಿ ಕರೆದರು. ಒಬ್ಬೊಬ್ಬರಾಗಿ, ಬೇರೆ ಬೇರೆ ದಿನ, ಸ್ಟೂಲು ಹಿಡಿದುಕೊಂಡು ನಾನು ಅಥವಾ ಮಗ ಜೊತೆಗೆ ಹೋಗಬೇಕು. ಬಗ್ಗಿ ಬರೆಯಲು ಯಾರಿಗೂ ಆಗುವುದಿಲ್ಲವಲ್ಲ, ಅದಕ್ಕೆ ಮಗ ಸೀಮೆಸುಣ್ಣವನ್ನು ಒಂದು ಕೋಲಿನ ತುದಿಗೆ ಕಟ್ಟಿಕೊಟ್ಟ. ಟೀಚರ್ ಅದನ್ನು ಹಿಡಿದು ಮೊದಲ ಸೊನ್ನೆ ಬರೆದದ್ದು ನೋಡಬೇಕಿತ್ತು. ಕೈ ಅಲುಗಲಿಲ್ಲ. ಕರಿಹಲಗೆಯ ಮೇಲೆ ಎಷ್ಟು ಸೊನ್ನೆ ಬರೆದಿದ್ದರೋ ಏನೋ, ಕಂಪಾಸಿನಲ್ಲಿ ಎಳೆದಷ್ಟು ದುಂಡಗೆ ಬಂತು. ಒಳಗೆ 76.

ಒಂಬತ್ತು ಜನ ನಡೆದರು. ಮಂಡಿ ಸವೆದವರು ಇಬ್ಬರು, ಎದೆಯ ಆಪರೇಷನ್ ಆದವರು ಒಬ್ಬರು, ಉಸಿರಿನ ತೊಂದರೆಯವರು ಒಬ್ಬರು, ಸುಮ್ನೆ ವಯಸ್ಸಾದವರು ಉಳಿದವರು. ಕಾಯಿಲೆ ಬೇರೆ ಬೇರೆ, ಸೊನ್ನೆಗಳು ಮಾತ್ರ ಒಂದೇ ಕಡೆ ಗುಂಪುಗೂಡಿದವು. ಆರು ಸೊನ್ನೆ 190ರಿಂದ 240 ಮೀಟರಿನೊಳಗೆ, ಅಂದರೆ ಮರದ ಆಸುಪಾಸು. ಐದು ಸೊನ್ನೆ ಬಸ್ ಸ್ಟಾಪಿನ ಕಂಬಿಯ ಮುಂದೆ. ಮೂರನೇ ಗುಂಪು ನಾನು ಎಣಿಸಿರದ ಜಾಗದಲ್ಲಿ ಬಂತು: ವಾಪಸ್ ಬರುವಾಗ, ಸಿಗ್ನಲ್ ದಾಟಿದ ಕೂಡಲೇ ಇರುವ ಏರಿನಲ್ಲಿ ನಾಲ್ಕು. ಹೋಗುವಾಗ ಅದು ಇಳಿಜಾರು, ಹಾಗಾಗಿ ನಾನು ಗಮನಿಸಿಯೇ ಇರಲಿಲ್ಲ.

ಎಂಜಿನಿಯರನ್ನು ಕರೆದುಕೊಂಡು ಬಂದೆವು. ಅವರು ಮರದ ಕೆಳಗೆ ನಿಂತು ಓದಿದರು: 76, 81, 69, 73, 84, 78. 84ರ ಹತ್ತಿರ ಸ್ವಲ್ಪ ಹೊತ್ತು ನಿಂತರು. "ಇವರೂ ನಡೆದ್ರಾ?" "ಅವರೇ ಎಲ್ಲರಿಗಿಂತ ದೂರ ನಡೆದಿದ್ದು" ಅಂದರು ಟೀಚರ್.

ವಯಸ್ಸಾದವರನ್ನೇ ಕೇಳಿ ನಗರವನ್ನು ಅಳೆಯುವುದು ಹೊಸ ವಿದ್ಯೆಯಲ್ಲ. ಹಿರಿಯ ಸ್ನೇಹಿ ನಗರಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಮಾರ್ಗದರ್ಶಿ ತರುವ ಮೊದಲು 33 ನಗರಗಳಲ್ಲಿ ಹಿರಿಯರನ್ನು ಕೂರಿಸಿ ಮಾತಾಡಿಸಿತ್ತು. ಕೂರಲು ಜಾಗ, ಶೌಚಾಲಯ, ದಾಟಲು ಸಾಕಷ್ಟು ಸಮಯ, ಇವೆಲ್ಲ ಆ ಪಟ್ಟಿಯಲ್ಲಿವೆ. ಆದರೆ ಎಂಜಿನಿಯರ್ ಮುಂದೆ ಆ ಮಾರ್ಗದರ್ಶಿ ಇಟ್ಟಿದ್ದರೆ ಫೈಲಿಗೆ ಸೇರುತ್ತಿತ್ತು. ನೆಲದ ಮೇಲಿನ 84 ಅನ್ನು ಯಾವ ಫೈಲಿಗೆ ಹಾಕುವುದು?

ಆಮೇಲಿನ ಎಂಟು ವಾರ

ಬೆಂಚು ಎಲ್ಲಿ, ಎಂಥದ್ದು ಅನ್ನುವುದರ ಮೇಲೆ ಜಗಳವೇ ನಡೆಯಿತು. ಕೂಸಿನ ತಾಯಿ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಮಲಗುವ ಕೋಣೆಗಳ ಎದುರು ಬೇಡ. ಹಾಗಾಗಿ ಮರದಿಂದ 25 ಮೀಟರ್ ಮುಂದೆ, ಒಂದು ಕಚೇರಿಯ ಕಾಂಪೌಂಡ್ ಪಕ್ಕ, ಬೀದಿ ದೀಪದ ಕೆಳಗೆ ಅಂತಾಯಿತು. 235 ಮೀಟರ್ ಆದರೂ ಟೀಚರ್ ಅಳತೆಯೊಳಗೇ ಇತ್ತು, ಕಷ್ಟಪಟ್ಟು. ಅವರಿಗಿಂತ ಮೊದಲೇ ಸೋಲುವ ಇಬ್ಬರಿಗೆ ಇದು ದೂರವೇ ಆಯಿತು.

ಗೋದಾಮಿನ ಹಳೆ ಬೆಂಚು ಬೇಡ ಅಂದವಳು ನಾನು. ಅದಕ್ಕೆ ಒರಗಲು ಬೆನ್ನಿರಲಿಲ್ಲ, ಕೈ ಊರಲು ಹಿಡಿಯೂ ಇರಲಿಲ್ಲ. ಎತ್ತರವೂ ಕಮ್ಮಿ. ಮಂಡಿ ಸವೆದವರಿಗೆ ಕೂರುವುದು ಸುಲಭ, ಏಳುವುದೇ ಕಷ್ಟ. ಆಸನ ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರ ಇರಬೇಕು, ಎರಡೂ ತುದಿಯಲ್ಲಿ ಕೈಹಿಡಿ ಇರಬೇಕು, ಪಾದವನ್ನು ಹಿಂದಕ್ಕೆ ಸರಿಸಲು ಆಸನದ ಕೆಳಗೆ ಜಾಗ ಇರಬೇಕು. ನೀವೇ ಪಾದ ಮುಂದೆ ಚಾಚಿ ಕುರ್ಚಿಯಿಂದ ಏಳಲು ನೋಡಿ, ಗೊತ್ತಾಗುತ್ತದೆ.

ಎಂಜಿನಿಯರ್ ನಡುವೆಯೂ ಒಂದು ಕೈಹಿಡಿ ಬೇಕು ಅಂದರು. ಯಾಕೆ ಅಂತ ನಮಗೆಲ್ಲ ಗೊತ್ತಿತ್ತು. ಯಾರೂ ಉದ್ದಕ್ಕೆ ಮಲಗಬಾರದು. ಟೀಚರ್ ಒಪ್ಪಲಿಲ್ಲ. "ಅವನು ರಾತ್ರಿ ಮಲಗಿದ್ರೆ ನನಗೇನು ನಷ್ಟ ಸರ್? ನಾನು ಬರೋದು ಬೆಳಗ್ಗೆ ಹತ್ತಕ್ಕೆ." ಈ ಒಂದು ವಾದದಲ್ಲಿ ಅವರು ಸೋತರು. ನಡುವಿನ ಕೈಹಿಡಿ ಬಂತು. ಅದನ್ನು ಹಿಡಿದು ಏಳಲು ಇನ್ನೂ ಅನುಕೂಲ ಅಂತ ಹೇಳಿದವರೂ ಇದ್ದಾರೆ, ಅದೂ ಸುಳ್ಳಲ್ಲ. ಆ ಮನುಷ್ಯ ಈಗ ಬಸ್ ತಂಗುದಾಣದ ಹಿಂದೆ ನೆಲದ ಮೇಲೆ ಮಲಗುತ್ತಾನೆ. ನಾನು ಈ ಪ್ರಕರಣವನ್ನು ಯಶಸ್ವಿ ಅಂತ ಬರೆಯುವಾಗೆಲ್ಲ ಅವನು ನೆನಪಾಗುತ್ತಾನೆ.

ಬಸ್ ಸ್ಟಾಪಿನಲ್ಲಿ ಕಂಬಿ ಹಾಗೇ ಇದೆ. ಪಕ್ಕದಲ್ಲಿ ಎರಡು ಒಂಟಿ ಆಸನ ಹಾಕಿದರು. ಉಕ್ಕಿನವು. ಹನ್ನೊಂದರ ಮೇಲೆ ಬಿಸಿಲಿಗೆ ಕಾದು ಕೂರಲಾಗುವುದಿಲ್ಲ, ಅದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಟೀಚರ್ ಚೀಲದಲ್ಲಿ ದಪ್ಪನೆಯ ಟವೆಲ್ ಇಟ್ಟುಕೊಂಡಿರುತ್ತಾರೆ.

ಸಿಗ್ನಲ್ ಬೇರೆ ಇಲಾಖೆಯದು, ಬೇರೆ ಅರ್ಜಿ. ಸಿಂಗಪುರದಲ್ಲಿ 2009ರಿಂದ ಒಂದು ಏರ್ಪಾಡಿದೆ. ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ರಸ್ತೆಯ ಅಗಲ ನೋಡಿಕೊಂಡು 3ರಿಂದ 13 ಸೆಕೆಂಡು ಜಾಸ್ತಿ ಹಸಿರು ಸಿಗುತ್ತದೆ. ಅದನ್ನು ಹೇಳಿದೆ. ಅಷ್ಟೆಲ್ಲ ಆಗಲ್ಲ ಅಂದರು. ಕೊನೆಗೆ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಗಾಡಿಗಳು ಕಮ್ಮಿ ಇರುವಾಗ, ಹಸಿರನ್ನು 5 ಸೆಕೆಂಡು ಹೆಚ್ಚಿಸಿದರು. ಈಗ ಒಟ್ಟು 22. ಬೆಂಚಿನಲ್ಲಿ ಕೂತು ಎದ್ದು ಬಂದ ಟೀಚರ್ 18 ಸೆಕೆಂಡಿಗೆ ದಾಟುತ್ತಾರೆ. ಉಳಿದ ನಾಲ್ಕು ಸೆಕೆಂಡಿನಲ್ಲಿ ಏನು ಮಾಡುತ್ತೀರಿ ಅಂತ ಕೇಳಿದ್ದಕ್ಕೆ, ತಿರುಗಿ ನಿಂತು ಗಾಡಿಯವರನ್ನು ನೋಡುತ್ತೇನೆ ಅಂದರು.

ಶೌಚಾಲಯದ ಬೀಗ ಇವತ್ತಿಗೂ ತೆರೆದಿಲ್ಲ. ಲೈಬ್ರರಿಯವರು ಸಿಬ್ಬಂದಿಯ ಶೌಚಾಲಯ ಬಳಸಲು ಬಿಟ್ಟಿದ್ದಾರೆ. ಅದು ಅವರ ಒಳ್ಳೆಯತನ. ಅವರ ಜಾಗಕ್ಕೆ ಬೇರೆಯವರು ಬಂದರೆ ಏನಾಗುತ್ತದೆ ಅಂತ ಹೇಳಲಾಗದು.

ಕೊನೆಯ ಭೇಟಿ

ನಾಲ್ಕು ತಿಂಗಳಾದ ಮೇಲೆ ಮತ್ತೆ ಎಲ್ಲವನ್ನೂ ಅಳೆದೆ. ಬೆನ್ನು ಹಾಗೇ ಇದೆ, ಅದು ವಾಸಿಯಾಗುವಂಥದ್ದಲ್ಲ. ಕೂರದೆ ನಡೆಯುವ ದೂರ ಈಗಲೂ 250 ಮೀಟರಿನ ಆಸುಪಾಸು. ಎದ್ದು ನಡೆದು ಕೂರುವ ಪರೀಕ್ಷೆ 13ರಿಂದ 11 ಸೆಕೆಂಡಿಗೆ ಇಳಿದಿದೆ. ನಾನು ಕೊಟ್ಟ ವ್ಯಾಯಾಮದಿಂದ ಅಂತ ಹೇಳಿಕೊಳ್ಳಲು ಆಸೆ, ಆದರೆ ಆ ಹಾಳೆ ಮಡಿಸಿದ್ದು ಬಿಚ್ಚಿರಲೇ ಇಲ್ಲ. ವಾರಕ್ಕೆ ನಾಲ್ಕು ದಿನ ಲೈಬ್ರರಿಗೆ ಹೋಗಿ ಬರುವುದೇ ಅವರ ವ್ಯಾಯಾಮ. ಮೊದಲು ಆರು ದಿನ ಹೋಗುತ್ತಿದ್ದರು, ಅಷ್ಟಕ್ಕೆ ಮರಳಿಲ್ಲ. 15 ಪ್ರಶ್ನೆಗಳ ಪಟ್ಟಿಯಲ್ಲಿ ಅಂಕ 3. ತಡವಾದ ಆ ಎರಡು ಪುಸ್ತಕಕ್ಕೆ ದಂಡ ಕಟ್ಟಿದ್ದಾರೆ, ರಸೀದಿ ತೋರಿಸಿದರು.

ಏರಿನಲ್ಲಿ ಇನ್ನೂ ಬೆಂಚು ಬಂದಿಲ್ಲ. ಅಲ್ಲಿ ಫುಟ್‌ಪಾತು ಸಾಲದು, ಜಾಗ ಇಲ್ಲ ಅನ್ನುವುದು ಪಾಲಿಕೆಯ ಉತ್ತರ. ಕೊನೆಯ ದಿನ ಟೀಚರ್ ಜೊತೆ ಲೈಬ್ರರಿಯಿಂದ ವಾಪಸ್ ಬರುವಾಗ ಆ ಜಾಗದಲ್ಲಿ ನಿಂತರು. ಹಿಂದಿನ ರಾತ್ರಿ ಮಳೆ ಬಂದು ಸೊನ್ನೆಗಳೆಲ್ಲ ತೊಳೆದುಹೋಗಿದ್ದವು. ಅವರು ಚೀಲದಿಂದ ಕೋಲು ತೆಗೆದು, ತುದಿಗೆ ಹೊಸ ಸೀಮೆಸುಣ್ಣ ಸಿಕ್ಕಿಸಿ, ನಾಲ್ಕೂ ಸೊನ್ನೆಗಳನ್ನು ಮತ್ತೆ ಬರೆದರು. ತಮ್ಮದರೊಳಗೆ ಈ ಸಲ 77 ಅಂತ ಬರೆದರು.